ಸಾಮಾನು ಇಳಿಸಿದ ಮನೆಗಳು

ಆಸ್ಪತ್ರೆಯಿಂದ ನೇರವಾಗಿ ಠಾಣೆಗೆ ಬಂದು ಕೂತಿದ್ದ ದೊಡ್ಡವಳ ಮೈಯೆಲ್ಲ ಸಿಟ್ಟಿನಿಂದ ಉರಿಯುತ್ತಿತ್ತು. ತಂಗಿಯ ಒಡೆದ ದವಡೆಯನ್ನು ತಂತಿಯಲ್ಲಿ ಬಿಗಿದಿದ್ದರು. ಎಡಗಾಲು ಮಂಡಿಯಿಂದ ಕೆಳಗೆ ಇರಲಿಲ್ಲ. ಪ್ರಜ್ಞೆ ಇನ್ನೂ ಸರಿಯಾಗಿ ಮರಳಿರಲಿಲ್ಲ.

ಚಿಕ್ಕವಳದು ಮನೆ ಸಾಮಾನು ಸಾಗಿಸುವ ಕೆಲಸ. ಸ್ವಂತದ್ದೊಂದು ಪುಟ್ಟ ಗೂಡ್ಸ್ ಗಾಡಿ, ಹಗ್ಗ, ಸಾಮಾನು ತರಚದಂತೆ ಹೊದಿಸಲು ಹಳೆಯ ಕಂಬಳಿಗಳು. ಗಂಡನ ಏಟು ತಾಳಲಾರದೆ ಮನೆ ಬಿಡುವ ಹೆಂಗಸರು ಅವಳನ್ನೇ ಹುಡುಕಿಕೊಂಡು ಬರುತ್ತಿದ್ದರು. ಗಂಡ ಕೆಲಸಕ್ಕೆ ಹೋದ ಹೊತ್ತು ನೋಡಿ ಗಾಡಿ ತರುವಳು, ತುಂಬುವಳು, ಅವನು ತಿರುಗಿ ಬರುವಷ್ಟರಲ್ಲಿ ಬೇರೆ ಊರಿನ ಬೇರೆ ಬಾಗಿಲಲ್ಲಿ ಇಳಿಸಿರುವಳು. ಇಳಿಸಿದ ಮೇಲೆ ಹೊಸ ಕೋಣೆಯಲ್ಲಿ ಜೋಡಿಸಿಟ್ಟ ಸಾಮಾನಿನ ಫೋಟೊ ತೆಗೆಯುವುದು ಅವಳ ಕ್ರಮ. ನಾಳೆ ಕುಕ್ಕರಿನ ಮುಚ್ಚಳ ಕಾಣುತ್ತಿಲ್ಲ ಎಂಬ ತಕರಾರು ಬೇಡವೆಂದು. ಫೋಟೊ, ವಿಳಾಸ, ಮಾತುಕತೆ ಎಲ್ಲವೂ ಫೋನಿನಲ್ಲಿ. ಅದರದೊಂದು ಪ್ರತಿ ಕ್ಲೌಡಿನಲ್ಲಿ, ಅವಳೇ ಹಾಕಿದ ಪಾಸ್‌ವರ್ಡಿನ ಬೀಗದೊಳಗೆ. ಆ ಪಾಸ್‌ವರ್ಡ್ ಗೊತ್ತಿದ್ದುದು ಅವಳಿಗೆ ಮತ್ತು ಅಕ್ಕನಿಗೆ ಮಾತ್ರ.

ಹೋದ ವಾರ, ಗಾಡಿಯ ಹಿಂದೆ ನಿಂತು ಹಗ್ಗ ಬಿಗಿಯುತ್ತಿದ್ದವಳನ್ನು ಯಾವನೋ ಕಾರಿನಲ್ಲಿ ಬಂದು ಅದೇ ಗಾಡಿಗೆ ಒತ್ತಿ ಜಜ್ಜಿ ಹೋಗಿದ್ದ. ಜೇಬಿನಲ್ಲಿದ್ದ ಫೋನು ಪುಡಿಪುಡಿಯಾಗಿತ್ತು.

“ಇದು ಯಾವನೋ ಒಬ್ಬ ಗಂಡಂದೇ ಕೆಲಸ ಕಣಮ್ಮ,” ಎಂದರು ಇನ್‌ಸ್ಪೆಕ್ಟರ್. “ಯಾರು ಅನ್ನೋದು ಆ ಬ್ಯಾಕಪ್ಪಲ್ಲಿರುತ್ತೆ. ಕ್ಲೌಡ್ ಕಂಪನಿಯೋರನ್ನ ಕೇಳಿದ್ವಿ. ಬೀಗ ಹಾಕಿದೋರ ಹತ್ರಾನೇ ಕೀಲಿ, ನಮ್ಮ ಹತ್ರ ಇಲ್ಲ ಅಂತ ಕೈ ತೊಳ್ಕೊಂಡ್ರು.”

“ಅವರ ಮನೆ ಹಾಳಾಗ! ನನಗೆ ಗೊತ್ತಿದೆ ಸಾರ್. ಈಗಲೇ ತೆಗೀತೀನಿ.”

ತಂಗಿಯ ಸಿಮ್ ಹಾಕಿದ್ದ ಹೊಸ ಫೋನನ್ನು ಮೇಜಿನ ಮೇಲಿಟ್ಟಳು. ಪರದೆ ಪಾಸ್‌ವರ್ಡ್ ಕೇಳಿತು. ದೊಡ್ಡವಳು ಸೋಫಾ ಹೊಲಿಯುವವಳು. ಬಾಗಿದ ಸೂಜಿ ಚುಚ್ಚಿ ಚುಚ್ಚಿ ಮರಗಟ್ಟಿದ ಬೆರಳಿನಿಂದ ಒಂದೊಂದೇ ಅಕ್ಷರ ಒತ್ತತೊಡಗಿದಳು.

ಪಕ್ಕದ ಮೇಜಿನಲ್ಲಿ ಒಬ್ಬ ಪೇದೆ ಕೂತಿದ್ದ. ಅವಳು ಬಂದ ಕೂಡಲೇ ಕುರ್ಚಿ ಎಳೆದುಕೊಟ್ಟು ನೀರು ತಂದುಕೊಟ್ಟವನು ಅವನೇ.

“ತೆಗೀರಿ, ತೆಗೀರಿ,” ಎಂದು ನಕ್ಕ. “ನಮ್ಮನೆಯವಳನ್ನ ಎಲ್ಲಿ ಇಳಿಸಿದಾಳೆ ನಿಮ್ಮ ತಂಗಿ ಅಂತಾನೂ ಗೊತ್ತಾಗ್ಲಿ. ನನ್ನ ಟೀವೀನೂ ಹೊತ್ಕೊಂಡು ಹೋದ್ಲು ಸಾರ್!”

ಇನ್‌ಸ್ಪೆಕ್ಟರಿಗೂ ನಗು ಬಂತು. “ನಿನ್ನ ಸಂಸಾರ ಆಮೇಲೆ ನೋಡೋಣ ಸುಮ್ನಿರಯ್ಯ.”

ದೊಡ್ಡವಳ ಬೆರಳು ಅಲ್ಲೇ ನಿಂತಿತು. ಒಂದು ಸಂಜೆ ಚಿಕ್ಕವಳು ಕೈಕಾಲು ತೊಳೆಯುತ್ತ ಹೇಳಿದ್ದಳು: ‘ಇವತ್ತು ಪೊಲೀಸಪ್ಪನ ಹೆಂಡ್ತೀನ ಸಾಗಿಸ್ದೆ ಅಕ್ಕ. ಎರಡು ಬೆರಳಿಗೆ ಕಟ್ಟು ಹಾಕಿತ್ತು, ಆದ್ರೂ ತೊಟ್ಟಿಲು ತಾನೇ ಎತ್ತಿ ಕೊಟ್ಲು. ಲಾಠಿ ಬಾಗಿಲ ಹಿಂದೆ ಇತ್ತು. ಅದನ್ನ ಮಾತ್ರ ಬಿಟ್ಟು ಬಂದ್ವಿ.’

ಅವಳು ಒತ್ತಿದ್ದನ್ನೆಲ್ಲ ಅಳಿಸಿದಳು.

“ಏನಾಯ್ತಮ್ಮ? ಮರೆತುಹೋಯ್ತಾ?”

“ಮರೆತಿಲ್ಲ. ಮನೇಲಿ ತೆಗೆದು, ಬೆದರಿಕೆ ಯಾರು ಹಾಕಿದಾನೋ ಅವನ್ದು ಮಾತ್ರ ತಂದುಕೊಡ್ತೀನಿ.”

“ನೀವು ಹೆಕ್ಕಿ ತಂದಿದ್ದು ಕೋರ್ಟಲ್ಲಿ ನಿಲ್ಲಲ್ಲ. ಉಳಿದಿದ್ದು ಎಲ್ಲಿ ಅಂತಾರೆ. ಕೊಟ್ರೆ ಪೂರ್ತಿ ಕೊಡಿ.”

“ಪೂರ್ತಿ ಕೊಟ್ರೆ ಇವರೂ ನೋಡ್ತಾರಲ್ಲ?” ಅವಳು ಪೇದೆಯತ್ತ ಕೈ ತೋರಿಸಿದಳು. “ಹೆಂಡ್ತಿ ಬೆರಳು ಮುರಿದೋರು.”

ಪೇದೆಯ ನಗು ಮಾಯವಾಯಿತು. ಇನ್‌ಸ್ಪೆಕ್ಟರ್ ಪೆನ್ನು ಕೆಳಗಿಟ್ಟರು.

“ಸ್ಟೇಷನ್ನಲ್ಲಿ ಕೂತು ನಮ್ಮೋರ ಮೇಲೇ ಮಾತಾಡ್ಬೇಡಿ. ನಿಮ್ಮ ತಂಗಿಗೆ ನ್ಯಾಯ ಬೇಕೋ ಬೇಡ್ವೋ?”

“ಬೇಕು! ಅವಳ ಕಾಲು ತೆಗೆದೋನ ಕೈಗೆ ಕೋಳ ಬೀಳ್ಬೇಕು! ಅದಕ್ಕೆ ಇನ್ನೊಬ್ಬಳನ್ನ ಇವರ ಕೈಗೆ ಕೊಡ್ಬೇಕಾ?”

ಜೋರು ದನಿಯಲ್ಲಿ ಮಾತಾಡಿ ಅಭ್ಯಾಸವಿಲ್ಲದ ಗಂಟಲು ಅಲ್ಲಿಗೇ ಒಡೆಯಿತು. ಫೋನು ಎತ್ತಿಕೊಂಡು ಹೊರಟಳು.

ಮನೆಯಲ್ಲಿ ಅಮ್ಮ ಎಲ್ಲ ಕೇಳಿ ಎದೆ ಎದೆ ಬಡಿದುಕೊಂಡಳು. “ಒಡಹುಟ್ಟಿದೋಳ ಕಾಲು ಹೋಯ್ತು. ನೀನು ಯಾವಳದೋ ವಿಳಾಸ ಕಾಯ್ತಾ ಕೂತಿದ್ದೀಯಾ?”

“ಯಾವಳೋ ಅಲ್ಲಮ್ಮ. ಚಿಕ್ಕವಳು ಮಾತು ಕೊಟ್ಟಿರೋಳು.”

“ಮಾತಂತೆ ಮಾತು! ಮಾತಾಡೋ ಬಾಯನ್ನೇ ತಂತಿ ಹಾಕಿ ಬಿಗಿದಿದಾರಲ್ಲೇ!”

ಅಮ್ಮನ ಸಿಟ್ಟು ಸುಳ್ಳಾಗಿರಲಿಲ್ಲ. ದೊಡ್ಡವಳದೂ ಅದೇ ಸಿಟ್ಟು. ದೇವರ ಮುಂದೆ ಹೋಗಿ ಕೂತಳು, ಮಗುವಾಗಿದ್ದಾಗಿಂದ ಬಾಯಿಪಾಠವಾದ ಸಾಲುಗಳು ಅರ್ಧಕ್ಕೆ ತಪ್ಪಿಹೋದವು. ಎದ್ದು ಬಾಗಿಲು ಹಾಕಿ ಪಾಸ್‌ವರ್ಡ್ ಒತ್ತಿದಳು.

ಪರದೆಯ ಮೇಲೆ ಕೋಣೆಗಳು ಒಂದೊಂದಾಗಿ ಇಳಿದು ಬಂದವು. ಬರಿಯ ಗೋಡೆ, ಮೂಲೆಯಲ್ಲಿ ಮಡಚಿಟ್ಟ ಹಾಸಿಗೆ. ಬರಿಯ ಗೋಡೆ, ಒಂದು ಸ್ಟವ್. ಬರಿಯ ಗೋಡೆ, ಒಂದು ತೊಟ್ಟಿಲು, ಅದರ ಪಕ್ಕ ದೊಡ್ಡದೊಂದು ಟೀವಿ. ಅದನ್ನು ಕಂಡು ಅವಳಿಗೆ ನಗು ಬಂತು, ಹಿಂದೆಯೇ ಅಳುವೂ ಬಂತು. ಹುಡುಕುತ್ತ ಹೋದಂತೆ ಬೆದರಿಕೆಯ ವಾಯ್ಸ್ ಮೆಸೇಜೊಂದು ಸಿಕ್ಕಿತು. ಒಬ್ಬ ಟಿಂಬರ್ ವ್ಯಾಪಾರಿ, ಹೆಂಡತಿ ಹೊರಟುಹೋದವನು: ‘ಹೇಳಲ್ವಾ? ನಿನ್ನ ಗಾಡಿ ಜೊತೆಗೇ ನಿನ್ನೂ ಅಪ್ಪಚ್ಚಿ ಮಾಡ್ತೀನಿ.’ ಅದೊಂದನ್ನೇ ತನ್ನ ಫೋನಿಗೆ ಇಳಿಸಿಕೊಂಡು ಮರುದಿನ ಠಾಣೆಗೆ ಒಯ್ದಳು.

ಇನ್‌ಸ್ಪೆಕ್ಟರ್ ಅದನ್ನು ಎರಡು ಸಲ ಹಾಕಿ ಕೇಳಿದರು. ವ್ಯಾಪಾರಿಯನ್ನು ಕರೆಸಿ ವಿಚಾರಿಸಿದರು. ಅವನು ‘ಸಿಟ್ಟಲ್ಲಿ ಅಂದಿದ್ದೆ’ ಎಂದು ಬರೆದುಕೊಟ್ಟು ಸಂಜೆಗೆ ಮನೆಗೆ ಹೋದ. “ಇದೊಂದೇ ಸಾಲಲ್ಲ ಅಂತ ಹೇಳಿದ್ನಲ್ಲಮ್ಮ,” ಎಂದರು. “ಪೂರ್ತಿ ತರೋ ದಿನ ಬನ್ನಿ. ಇಲ್ಲಾಂದ್ರೆ ನಾವೇ ನೋಟಿಸ್ ಕೊಟ್ಟು ಕರೆಸ್ತೀವಿ.”

ಚಿಕ್ಕವಳಿಗೆ ಚೆನ್ನಾಗಿ ಎಚ್ಚರವಾದದ್ದು ಆ ಮೇಲೆ. ಕಚ್ಚಿದ ಹಲ್ಲುಗಳ ನಡುವಿನಿಂದ ಅವಳು ಕೇಳಿದ ಮೊದಲ ಮಾತು: “ಕೊಟ್ಯಾ?”

“ಇಲ್ಲ ಕಣೆ. ಅರ್ಧ ಒತ್ತಿದ್ದೆ. ಬಿಟ್ಟೆ.” ದೊಡ್ಡವಳು ನಡೆದದ್ದೆಲ್ಲ ಹೇಳಿದಳು.

ಚಿಕ್ಕವಳು ಕೈ ಚಾಚಿ ಹೊಸ ಫೋನು ಇಸಿದುಕೊಂಡಳು. ಪರದೆಯನ್ನು ಅಕ್ಕನಿಗೆ ಕಾಣದಂತೆ ಆ ಕಡೆ ತಿರುಗಿಸಿ ಪಾಸ್‌ವರ್ಡ್ ಬದಲಾಯಿಸಿದಳು. ಆಮೇಲೆ ಫೋನಿಗೆ ಇಳಿದಿದ್ದ ಕೋಣೆಗಳ ಫೋಟೊಗಳನ್ನೆಲ್ಲ ಅಳಿಸಿದಳು.

“ಏನೇ ಇದು? ಇಷ್ಟೆಲ್ಲ ಅನ್ನಿಸ್ಕೊಂಡು ಬಂದಿದೀನಿ. ನನ್ನ ಮೇಲೂ ನಂಬಿಕೆ ಇಲ್ವಾ ನಿಂಗೆ?”

“ನೋಟಿಸ್ ಬರುತ್ತೆ ನಿಂಗೆ,” ಎಂದಳು ಚಿಕ್ಕವಳು ನಿಧಾನವಾಗಿ. “ಸುಳ್ಳು ಹೇಳಕ್ಕೆ ಬರಲ್ಲ ನಿಂಗೆ. ಇನ್ಮೇಲೆ ಗೊತ್ತಿಲ್ಲ ಅಂದ್ರೆ ನಿಜಾನೇ.”

“ಮತ್ತೆ ನಿನ್ನನ್ನೇ ಕೇಳ್ತಾರಲ್ಲೇ.”

“ಕೇಳ್ಲಿ. ಅವನು?”

“ಅಂಗಡಿ ತೆಗ್ದಿದಾನೆ. ಕಾರು ತೊಳೆಸಿ ಮುಂದೆ ನಿಲ್ಲಿಸ್ಕೊಂಡಿದಾನೆ. ನೋಡಿ ಬಂದೆ.”

ಚಿಕ್ಕವಳ ಮೂಗಿನ ಹೊಳ್ಳೆಗಳು ಅರಳಿದವು. ದವಡೆ ಅಲುಗಾಡಿಸಲು ಹೋಗಿ ತಂತಿ ಎಳೆದು ಮುಖ ಕಿವುಚಿದಳು.

“ಅಕ್ಕ, ನಂಗೆ ಬಾಯಿ ತೆಗೆಯಕ್ಕಾಗಲ್ಲ. ನನ್ನ ಪಾಲಿಂದೂ ಸೇರಿಸಿ ನೀನೇ ಬೈಯೇ.”

ಹುಟ್ಟಿದಾಗಿಂದ ಗಟ್ಟಿಯಾಗಿ ಬೈದು ಗೊತ್ತಿಲ್ಲದ ದೊಡ್ಡವಳು ಸೆರಗು ಸಿಕ್ಕಿಸಿ ಎದ್ದು ನಿಂತಳು. ಟಿಂಬರ್ ವ್ಯಾಪಾರಿಯಿಂದ ಶುರು ಮಾಡಿದಳು. ಅವನ ಕಾರು, ಅವನ ಅಂಗಡಿ, ಅವನು ಬರೆದುಕೊಟ್ಟ ಕಾಗದ, ಅದನ್ನು ಇಸಿದುಕೊಂಡ ಇನ್‌ಸ್ಪೆಕ್ಟರು, ಹೆಂಡತಿಯ ಬೆರಳು ಮುರಿದ ಕೈಯಲ್ಲೇ ನೀರು ತಂದುಕೊಟ್ಟ ಪೇದೆ, ಕೈ ತೊಳೆದುಕೊಂಡ ಕಂಪನಿ, ಕೊನೆಗೆ ಅರ್ಧ ಒತ್ತಿದ ತನ್ನ ಬೆರಳು, ಒಬ್ಬರನ್ನೂ ಬಿಡಲಿಲ್ಲ. ನರ್ಸ್ ಓಡಿಬಂದು ಪಕ್ಕದ ಹಾಸಿಗೆಯವರು ಮಲಗಿದ್ದಾರೆ ಎಂದಳು.

“ಅವರೂ ಕೇಳ್ಲಿ ಬಿಡಮ್ಮ,” ಎಂದು ದೊಡ್ಡವಳು ಮುಂದುವರಿಸಿದಳು.