ಅವ್ರಾಮನ ಮೈ ತೊಳೆಯುವ ಹೊತ್ತು

ಸವೇಟಾ ಗಂಡನ ಮೈ ತೊಳೆಯುತ್ತಿದ್ದುದು ಬೆಳಗಿನ ಹತ್ತು ಗಂಟೆಗೆ. ನೀರು ಕಾಯಿಸಿ ಎರಡು ಬೋಗುಣಿಗಳಿಗೆ ಸುರಿದು, ಒಂದರಲ್ಲಿ ಸೋಪು ಕಲಸಿ, ಮೊಣಕೈ ಅದ್ದಿ ಬಿಸಿ ನೋಡಿ, ಮುಖದಿಂದ ಶುರು ಮಾಡುವಳು. ಮುಖ, ಕುತ್ತಿಗೆ, ಕಂಕುಳು, ಆಮೇಲೆ ಸ್ವಾಧೀನ ತಪ್ಪಿದ ಬಲಗೈಯ ಒಂದೊಂದು ಬೆರಳಿನ ಸಂದಿ. ಮೂರು ವರ್ಷಗಳಲ್ಲಿ ಒಂದು ದಿನವೂ ತಪ್ಪಿಸಿರಲಿಲ್ಲ. ಪೇಟೆಯಿಂದ ಬರುತ್ತಿದ್ದ ನರ್ಸು ಅವನ ಬೆನ್ನನ್ನೂ ಹಿಮ್ಮಡಿಯನ್ನೂ ನೋಡಿ, ಹಾಸಿಗೆ ಹಿಡಿದವರಲ್ಲಿ ಇಂಥ ಚರ್ಮ ತಾನು ಕಂಡೇ ಇಲ್ಲ, ಒಂದು ಹುಣ್ಣೂ ಇಲ್ಲವಲ್ಲ ಎಂದಿದ್ದಳು. ಸವೇಟಾ ತಲೆಯಾಡಿಸಿದ್ದಳು. ಹೊಗಳಿಕೆ ಕಿವಿಗೆ ಬಿದ್ದಿತ್ತು, ಒಳಗೆ ಎಲ್ಲಿಯೂ ತಾಗಿರಲಿಲ್ಲ.

ಅವ್ರಾಮ ಕಲ್ಲುಕ್ವಾರಿಯಲ್ಲಿ ದುಡಿದವನು. ಕ್ರಿಶ್ ನದಿಯ ದಂಡೆಯ ಆ ಊರಿನಲ್ಲಿ ಬ್ಯಾಪ್ಟಿಸ್ಟ್ ಕ್ರೈಸ್ತ ಸಭೆಯವರದೇ ಒಂದು ವಾದ್ಯಮೇಳವಿತ್ತು, ಅದರಲ್ಲಿ ತುತ್ತೂರಿ ಊದುತ್ತಿದ್ದವನು ಅವನೇ. ಆದರೆ ಕ್ವಾರಿಯ ಗೆಳೆಯರ ಸಂಗಡ ಸಿಗರೇಟು ಅಂಟಿಕೊಂಡಿತು, ಚಳಿಗಾಲದಲ್ಲಿ ಪ್ಲಮ್ ಹಣ್ಣಿನ ಸಾರಾಯಿಯೂ. ಸಭೆಯವರು ಎರಡು ಸಲ ಬುದ್ಧಿ ಹೇಳಿದರು. ಮೂರನೆಯ ಸಲ, ಹನ್ನೊಂದು ವರ್ಷಗಳ ಹಿಂದಿನ ಒಂದು ಭಾನುವಾರ, ಸಭೆಯ ಹಿರಿಯ ತೆಯೋಫಿಲ್ ಎದ್ದು ನಿಂತು, ಮನುಷ್ಯನ ದೇಹವೆಂದರೆ ದೇವರ ಆತ್ಮ ವಾಸಿಸುವ ಆಲಯ, ಅದರೊಳಗೆ ಹೊಗೆ ಹಾಕಿ ಸಾರಾಯಿ ಸುರಿಯುವವನಿಗೆ ನಮ್ಮ ನಡುವೆ ಜಾಗವಿಲ್ಲ ಎಂದ. ಒಪ್ಪುವವರು ಕೈ ಎತ್ತಿ ಎಂದ. ಗಂಡಸರ ಕಡೆಯ ಬೆಂಚುಗಳಲ್ಲಿ ಕೈಗಳು ಎದ್ದವು. ಹೆಂಗಸರ ಕಡೆಯೂ ಎದ್ದವು. ಎಡಕ್ಕೆ ಬಲಕ್ಕೆ ಕುಳಿತವರೆಲ್ಲ ಎತ್ತಿದಾಗ ಸವೇಟಾಳ ಕೈಯೂ ಎದ್ದಿತು. ಅವ್ರಾಮ ತಿರುಗಿ ನೋಡಿದ.

ಮಾರನೆಯ ದಿನ ಅವನು ತುತ್ತೂರಿಯನ್ನು ಅದರ ಪೆಟ್ಟಿಗೆ ಸಮೇತ ಸಭಾಮಂದಿರದ ಜಗಲಿಯಲ್ಲಿಟ್ಟು ಬಂದ. ಆ ಕೈಯ ಮಾತನ್ನು ಮಾತ್ರ ಎಂದೂ ಎತ್ತಲಿಲ್ಲ. ಜಗಳವಾಡಿದ್ದರೆ ಚೆನ್ನಾಗಿತ್ತು. ಉಂಡ, ಮಲಗಿದ, ಕೊಟ್ಟಿಗೆಯ ಹಿಂದೆ ನಿಂತು ಸಿಗರೇಟು ಸೇದಿದ. ಹೀಗೆ ಎಂಟು ವರ್ಷ ಕಳೆಯಿತು. ಆಮೇಲೊಂದು ದಿನ ತೋಟದಲ್ಲಿ ಕುಸಿದು ಬಿದ್ದ. ಬಲಭಾಗ ಹೋಯಿತು, ಮಾತು ಹೋಯಿತು. ಉಳಿದದ್ದು ಒಂದೇ ಶಬ್ದ: ‘ಬೇಡ.’ ಹಸಿವಾದರೂ ಬೇಡ, ಬಾಯಾರಿದರೂ ಬೇಡ, ಮನೆಗೆ ಯಾರಾದರೂ ಬಂದರೆ ಅವರಿಗೂ ಬೇಡ.

ಈಸ್ಟರಿಗೆ ಮೂರು ವಾರವಿರುವಾಗ ಒಂದು ಮಂಗಳವಾರ ತೆಯೋಫಿಲ್ ಕೋಲೂರಿಕೊಂಡು ಬಂದ. ಎಪ್ಪತ್ತಾರು ದಾಟಿದ್ದ. ಸವೇಟಾ ಆಗಷ್ಟೇ ಗಂಡನ ಅಂಗಿ ಬಿಚ್ಚಿದ್ದಳು. ಅವನು ಬಾಗಿಲಲ್ಲೇ ನಿಂತು ಬಂದ ಕಾರಣ ಹೇಳಿದ. ಅವ್ರಾಮನನ್ನು ಮತ್ತೆ ಸಭೆಗೆ ಸೇರಿಸಿಕೊಳ್ಳಲು ಹಿರಿಯರು ಒಪ್ಪಿದ್ದಾರೆ. ದೇವರ ಆಲಯವನ್ನು ಕೆಡಿಸಿದೆ, ತಪ್ಪಾಯಿತು ಎಂದು ಅವನು ಒಪ್ಪಿಕೊಳ್ಳಬೇಕು, ಅಷ್ಟೇ. ಹೂಂ ಅಂದರೂ ಸಾಕು.

ಅವ್ರಾಮ ಚಾವಣಿ ನೋಡುತ್ತಾ, “ಬೇಡ” ಎಂದ.

ತೆಯೋಫಿಲನ ಮುಖ ಬಿಗಿಯಿತು. ಸವೇಟಾಗೆ ವಿವರಿಸುವ ಚೈತನ್ಯವಿರಲಿಲ್ಲ.

“ನೀರು ಆರ್ತಾ ಇದೆ ಅಣ್ಣ. ಮೊದ್ಲು ಇವ್ನನ್ನ ತೊಳೀಬೇಕು. ನೀವು ಕೂತ್ಕೊಳ್ಳಿ, ಇಲ್ಲಾ ಆ ಕಡೆ ಬಂದು ಹಿಡ್ಕೊಳ್ಳಿ.”

ತೆಯೋಫಿಲ್ ಕೋಲನ್ನು ಗೋಡೆಗೆ ಆನಿಸಿ ಮಂಚದ ಆ ಬದಿಗೆ ಹೋದ.

“ತಲೆ ಹಿಡೀಲೋ ಭುಜ ಹಿಡೀಲೋ?”

“ಭುಜ. ಗಟ್ಟಿಯಾಗಿ ಹಿಡೀರಿ, ಅವ್ನೇನು ಮೊಟ್ಟೆಯಲ್ಲ.”

ಇಬ್ಬರೂ ಸೇರಿ ಅವನನ್ನು ಮಗ್ಗುಲಿಗೆ ಹೊರಳಿಸಿದರು. ಅವಳು ಬೆನ್ನು ತೊಳೆದಳು, ಸೊಂಟ ತೊಳೆದಳು. ಮತ್ತೆ ಅಂಗಾತ ಮಲಗಿಸುವಷ್ಟರಲ್ಲಿ ಅವ್ರಾಮನ ಉಚ್ಚೆ ತೆಯೋಫಿಲನ ಕೋಟಿನ ತೋಳಿನ ಮೇಲೆ ಹಾರಿತು. ಅವ್ರಾಮನ ಬಾಯಿ ಎಡಗಡೆ ಮಾತ್ರ ಅಗಲವಾಯಿತು, ಗಂಟಲಿಂದ ಗುರುಗುರು ಸದ್ದು ಬಂತು. ನಗುತ್ತಿದ್ದ.

ತೆಯೋಫಿಲ್ ತೋಳು ನೋಡಿಕೊಂಡು, “ಹನ್ನೊಂದು ವರ್ಷದ್ದು ಕೂಡಿಟ್ಕೊಂಡಿದ್ದಾನೆ” ಎಂದ. ಕೋಟು ಬಿಚ್ಚಿ ಕುರ್ಚಿಯ ಮೇಲೆ ಎಸೆದು ಅಂಗಿಯ ತೋಳು ಮಡಚಿದ. ಬಟ್ಟೆ ಕೊಡು ಎಂದು ಕೈ ಚಾಚಿದ. ಕಾಲುಗಳನ್ನು ಅವನೇ ತೊಳೆದ, ನಿಧಾನವಾಗಿ. ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದ. ತೆಯೋಫಿಲನ ಸ್ವಂತ ಹೆಂಡತಿ ಸತ್ತದ್ದು ಬೆನ್ನಿನ ತುಂಬಾ ಹುಣ್ಣಾಗಿ. ಅದು ಊರಿಗೆಲ್ಲ ಗೊತ್ತಿತ್ತು.

“ದಿನಾ ಮಾಡ್ತೀಯಾ ತಂಗಿ, ಹೀಗೆ?”

“ದಿನಾ.”

“ಪ್ರಾರ್ಥನೆ ಮಾಡ್ಕೋತಾ?”

“ಇಲ್ಲ. ನಂಗೆ ಏನೂ ಅನ್ಸಲ್ಲ ಅಣ್ಣ. ತಟ್ಟೆ ತೊಳೆದಂಗೆ ತೊಳೀತೀನಿ.” ಅವಳು ಟವೆಲು ಮಡಚಿದಳು. “ಅವತ್ತು ನಾನೂ ಕೈ ಎತ್ತಿದ್ದೆ. ನೀವು ನೋಡಿದ್ರೋ ಇಲ್ವೋ. ಇವ್ನು ನೋಡ್ದ.”

“ಬೇಡ” ಎಂದ ಅವ್ರಾಮ. ಹಸಿವೋ ಬಾಯಾರಿಕೆಯೋ ಅಥವಾ ನಿಜಕ್ಕೂ ಆ ಮಾತು ಬೇಡವೆಂದೋ, ಅವಳಿಗೆ ತಿಳಿಯಲಿಲ್ಲ. ಚೊಂಬಿನಿಂದ ನೀರು ಕುಡಿಸಿದಳು. ಕುಡಿದ.

ತೆಯೋಫಿಲ್ ಒದ್ದೆ ಕೋಟನ್ನು ಕಂಕುಳಲ್ಲಿಟ್ಟುಕೊಂಡು ಹೊರಟುಹೋದ. ಬಂದ ಕೆಲಸದ ಮಾತು ಮತ್ತೆ ತೆಗೆಯಲಿಲ್ಲ.

ಭಾನುವಾರ ಅವನು ಸಭೆಯಲ್ಲಿ ಎದ್ದು, ತಪ್ಪೊಪ್ಪಿಗೆ ಕೇಳಲು ಹೋಗಿದ್ದೆ, ಕೇಳದೆ ಬಂದೆ ಎಂದ. ಆ ಮನೆಯಲ್ಲಿ ದೇವರ ಆಲಯವನ್ನು ಮೂರು ವರ್ಷ ಒಬ್ಬಳೇ ಹೆಂಗಸು ಶುಚಿಯಾಗಿಟ್ಟಿದ್ದಾಳೆ, ನಮ್ಮಲ್ಲಿ ಒಬ್ಬರೂ ಒಂದು ಬೋಗುಣಿ ನೀರು ಹೊತ್ತುಕೊಡಲಿಲ್ಲ ಎಂದ. ಅವ್ರಾಮನನ್ನು ಯಾವ ತಪ್ಪೊಪ್ಪಿಗೆಯೂ ಇಲ್ಲದೆ ಸೇರಿಸಿಕೊಳ್ಳೋಣ. ಕೈ ಎತ್ತುವವರು ಅವನ ಮೈ ತೊಳೆಯಲು ಮಂಗಳವಾರಕ್ಕೋ ಶುಕ್ರವಾರಕ್ಕೋ ತಮ್ಮ ಹೆಸರನ್ನೂ ಕೊಡಬೇಕು ಎಂದ. ಈ ಸಲ ಕೈಗಳು ಏಳಲು ತುಸು ಹೊತ್ತು ಹಿಡಿಯಿತು. ಹಿಂದಿನ ಬೆಂಚಿನಲ್ಲಿ ಯಾರೋ ಮುಸುಮುಸು ಅತ್ತರು. ಸವೇಟಾ ಮಡಿಲಲ್ಲಿದ್ದ ತನ್ನ ಕೈಗಳನ್ನು ನೋಡುತ್ತಾ ಕುಳಿತಿದ್ದಳು. ಸಂತೋಷವಾಗಬೇಕಿತ್ತು. ಮನೆಗೆ ಹೋಗಿ ಮೆಕ್ಕೆಜೋಳದ ಮುದ್ದೆಗೆ ನೀರಿಡಬೇಕು ಎಂಬುದಷ್ಟೇ ತಲೆಯಲ್ಲಿತ್ತು.

ಮಂಗಳವಾರ ತೆಯೋಫಿಲ್ ಮೊದಲಿಗನಾಗಿ ಬಂದ. ಅವನ ಜೊತೆ ಅವ್ರಾಮನ ತಂಗಿ ಸಿದೋನಿಯಾ ಬಂದಿದ್ದಳು. ಅಣ್ಣನನ್ನು ಹೊರಹಾಕಿದ ಮೇಲೆ ಅವಳು ಈ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಹೊಸ್ತಿಲಲ್ಲಿ ಒಂದಿಷ್ಟು ಅತ್ತಳು, ಆಮೇಲೆ ಸೊಂಟಕ್ಕೆ ಏಪ್ರನ್ ಬಿಗಿದು ಬೋಗುಣಿ ಎತ್ತಿಕೊಂಡಳು. ಸವೇಟಾ ಅಡಿಗೆಮನೆಯ ನಡುವೆ ಕೈ ಇಳಿಬಿಟ್ಟು ನಿಂತಳು.

ತೆಯೋಫಿಲ್ ಅವಳ ಮುಖವನ್ನೇ ನೋಡಿದ. “ಆ ಕೆನ್ನೆ ಯಾಕೆ ಊದಿದೆ?”

“ಹಲ್ಲು.”

“ಎಷ್ಟು ದಿನದಿಂದ?”

“ಕ್ರಿಸ್ಮಸ್ಸಿಗೆ ಮುಂಚಿನಿಂದ. ಆ ಕಡೆ ಅಗಿಯಲ್ಲ, ಅಷ್ಟೇ.”

“ಇವ್ನ ಮೈ ದೇವರ ಆಲಯ, ನಿಂದೇನು ದನದ ಕೊಟ್ಟಿಗೆಯಾ? ಪೇಟೆ ಬಸ್ಸು ಹನ್ನೊಂದಕ್ಕಿದೆ. ಹೋಗು.”

ಸವೇಟಾ ಒಲೆಯ ಮೇಲೆ ಮಿಕ್ಕಿದ್ದ ಬಿಸಿನೀರನ್ನು ಹಿಂದಿನ ಕೋಣೆಗೆ ಒಯ್ದು ಬಾಗಿಲು ಹಾಕಿಕೊಂಡಳು. ಇಷ್ಟು ದಿನ ಅವಳ ಸ್ನಾನವೆಂದರೆ ಅವನಿಗೆ ಬಳಸಿದ ಬಟ್ಟೆ ಒಗೆಯುವಾಗ ಮುಖಕ್ಕೆ ನೀರೆರಚಿಕೊಳ್ಳುವುದು. ಈಗ ಬಟ್ಟೆ ಬಿಚ್ಚಿ ನಿಂತಾಗ ಸೊಂಟದ ಮೇಲೆ ಹಳದಿಗಟ್ಟಿದ ಪೆಟ್ಟಿನ ಗುರುತು ಕಂಡಿತು. ಮಂಚದ ಮೂಲೆ ಬಡಿದದ್ದಿರಬೇಕು, ಯಾವಾಗ ಎಂದು ನೆನಪಾಗಲಿಲ್ಲ. ಪಕ್ಕೆಲುಬು ಎಣಿಸುವ ಹಾಗಿತ್ತು. ಯಾರದೋ ಮೈಯನ್ನು ನೋಡಿದಂತೆ ನೋಡಿದಳು. ಬಟ್ಟೆ ಅದ್ದಿ ಕುತ್ತಿಗೆಯಿಂದ ತೊಳೆಯತೊಡಗಿದಳು. ಕೈಗೆ ಅಭ್ಯಾಸವಾಗಿದ್ದ ರೀತಿಯಲ್ಲೇ, ಕಂಕುಳು, ಬೆರಳ ಸಂದಿ, ಮೊಣಕಾಲಿನ ಹಿಂಭಾಗ, ಒಂದನ್ನೂ ಬಿಡದೆ.

ಪೇಟೆಯ ದಂತವೈದ್ಯೆ ಬೈದು, ಚುಚ್ಚುಮದ್ದು ಕೊಟ್ಟು, ಎರಡು ಹಲ್ಲು ಕಿತ್ತಳು. ಕೀಳುವಾಗ ಸವೇಟಾಗೆ ಏನೂ ಗೊತ್ತಾಗಲಿಲ್ಲ. ವಾಪಸು ಬರುವ ಬಸ್ಸಿನಲ್ಲಿ, ಸೇತುವೆ ದಾಟುವ ಹೊತ್ತಿಗೆ, ತುಟಿಯ ಮೂಲೆಯಲ್ಲಿ ಇರುವೆ ಹರಿದಂತಾಯಿತು. ಆಮೇಲೆ ದವಡೆಯ ಆಳದಿಂದ ನೋವು ಶುರುವಾಗಿ, ಕಿವಿಗೆ, ಕಣ್ಣಿನ ಹಿಂದಕ್ಕೆ ಏರಿತು. ಅವಳು ಅಂಗೈಯನ್ನು ಕೆನ್ನೆಗೊತ್ತಿ ಕಿಟಕಿಯ ಕಡೆ ತಿರುಗಿದಳು. ಪಕ್ಕದಲ್ಲಿದ್ದ ಮುದುಕಿ ಏನಾಯಿತಮ್ಮ ಎಂದಳು. ನೋಯುತ್ತಿದೆ ಎಂದಳು ಸವೇಟಾ. ಆ ಮಾತನ್ನು ಅವಳು ಬಹಳ ವರ್ಷಗಳಿಂದ ಯಾರಿಗೂ ಹೇಳಿರಲಿಲ್ಲ.

ಮನೆಯಲ್ಲಿ ಅವ್ರಾಮನಿಗೆ ಕ್ಷೌರವಾಗಿತ್ತು, ಗದ್ದದಲ್ಲಿ ಎರಡು ಕಡೆ ಗಾಯ. ತೆಯೋಫಿಲ್ ಕುರ್ಚಿಯಲ್ಲಿ ತೂಕಡಿಸುತ್ತಿದ್ದವನು ಎದ್ದು ಅದನ್ನು ಅವಳ ಕಡೆ ತಳ್ಳಿದ. ಅವ್ರಾಮ ಅವಳ ಕೆನ್ನೆಯನ್ನೇ ನೋಡಿದ. ಎಡಗೈ ಎತ್ತಲು ನೋಡಿ, ಅರ್ಧಕ್ಕೆ ಬಿಟ್ಟ. ಸಿದೋನಿಯಾ ಅತ್ತಿಗೆಗೆಂದು ಸಾರು ಸೋಸಿ ತಣಿಸಿ ತಂದಳು. ಸವೇಟಾ ಚಮಚ ತೆಗೆದುಕೊಂಡು, ಯಾರು ಏನು ಮಾಡಬೇಕೆಂದು ಹೇಳದೆ, ಬಟ್ಟಲು ಬರಿದಾಗುವವರೆಗೆ ಆ ಕುರ್ಚಿಯಲ್ಲೇ ಕುಳಿತಿದ್ದಳು.