ಹಿಲ್ಮಿಯ ಕೊಳವೆ ಹಾರಿದ್ದು

ಆ ವಿಡಿಯೋ ನೀವೂ ನೋಡಿರಬಹುದು. ಕೈರೋದಲ್ಲಂತೂ ನೋಡದವರು ಉಳಿದಿಲ್ಲ. ಕೆಂಪು ಕೋಟು ತೊಟ್ಟ ಮುದುಕನೊಬ್ಬ ಟ್ರೊಂಬೋನ್ ಊದುತ್ತಿರುತ್ತಾನೆ. ಅದರ ಉದ್ದನೆಯ ಜಾರುಕೊಳವೆ ಕೈತಪ್ಪಿ ಹಾರಿ, ಅಮೃತಶಿಲೆಯ ನೆಲದ ಮೇಲೆ ಸರ್ರನೆ ಜಾರಿಹೋಗುತ್ತದೆ. ಮುದುಕ ಅರ್ಧ ವಾದ್ಯವನ್ನು ಕಂಕುಳಲ್ಲಿ ಇರುಕಿಕೊಂಡು ಮೇಜಿನ ಕೆಳಗೆ ಅಂಬೆಗಾಲಿಡುತ್ತಾನೆ. ಹಿಂದೆ ನೂರಾರು ಜನರ ನಗು, ಕೊನೆಗೆ ಯಾವನೋ ಸೇರಿಸಿದ ಕತ್ತೆಯ ಕೂಗು. ಆ ಮುದುಕನ ಹೆಸರು ಹಿಲ್ಮಿ. ಅವನ ಹಿಂದೆ ದೊಡ್ಡ ಡೋಲು ಕಟ್ಟಿಕೊಂಡು ಬಾಯಿ ಬಿಟ್ಟು ನಿಂತವನು ನಾನು, ಬಯೂಮಿ. ಕತ್ತೆಯ ಕೂಗು ಸೇರಿಸಿದವನು ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಾದ ದಿನ ಡೋಲಿನ ಕೋಲು ಸುಮ್ಮನಿರುವುದಿಲ್ಲ.

ನಮ್ಮದು ಮುಹಮ್ಮದ್ ಅಲಿ ಬೀದಿಯ ಬ್ಯಾಂಡು. ಮದುವೆ, ಸುನ್ನತಿ, ಅಂಗಡಿ ತೆರೆಯುವುದು, ಕ್ರೈಸ್ತರ ಶವಯಾತ್ರೆ, ಕರೆದಲ್ಲಿ ಹೋಗುತ್ತೇವೆ. ನಮ್ಮ ಯಜಮಾನ ಮೆತ್ವಲ್ಲಿ. ತುತ್ತೂರಿ ಊದುವವನು ಅವನೇ, ಗಿರಾಕಿಗಳ ಹತ್ತಿರ ಮಾತಾಡುವವನೂ ಅವನೇ. ನಾವೆಲ್ಲ ಅವನನ್ನು ರಯ್ಯಿಸ್ ಎಂದು ಕರೆಯುತ್ತೇವೆ. ಹಿಲ್ಮಿ ಸೈನ್ಯದ ಬ್ಯಾಂಡಿನಲ್ಲಿ ಕಲಿತು ಬಂದವನು. ಬೆಳಿಗ್ಗೆ ಎದ್ದು ಮೊದಲು ಟ್ರೊಂಬೋನಿನ ಕೊಳವೆ ಒರೆಸಿ ಎಣ್ಣೆ ಸವರಿ, ಆಮೇಲೆ ತನ್ನ ಮುಖ ತೊಳೆಯುವ ಜಾತಿ. ಅವನ ಹೆಂಡತಿ ಕೂಡ ಆ ಪೆಟ್ಟಿಗೆ ಮುಟ್ಟುತ್ತಿರಲಿಲ್ಲ. ಮದುವೆಯ ಗದ್ದಲದಲ್ಲಿ ಯಾರೂ ಕೇಳದ ಸ್ವರವನ್ನೂ ಅವನು ನುಂಗುತ್ತಿರಲಿಲ್ಲ. “ಯಾರಿಗೆ ಕೇಳ್ಸತ್ತೆ ಹಿಲ್ಮಿ, ಬಿಡು” ಎಂದರೆ, “ನಂಗೆ ಕೇಳ್ಸತ್ತಲ್ಲ” ಎನ್ನುತ್ತಿದ್ದ.

ನೈಲ್ ದಂಡೆಯ ದೊಡ್ಡ ಹೋಟೆಲಿನ ಆ ಮದುವೆಯನ್ನು ನಡೆಸಿಕೊಡುತ್ತಿದ್ದವನು ಹಾಜಿಮ್ ಎಂಬ ಯುವಕ. ಹೂವಿನಿಂದ ಹಿಡಿದು ಮದುಮಗಳ ಕಣ್ಣೀರಿನವರೆಗೆ ಎಲ್ಲ ಅವನು ಹೇಳಿದ ಹೊತ್ತಿಗೇ ಆಗಬೇಕು. ನಾವು ಸೇವಕರ ಬಾಗಿಲಿನ ಹತ್ತಿರ ಸಾಲಾಗಿ ನಿಂತಿದ್ದಾಗ ಬಂದು ಎಲ್ಲರಿಗೂ ಒಂದೊಂದು ಜೊತೆ ಹೊಳೆಯುವ ಬಿಳಿ ಕೈಗವಸು ಹಂಚಿದ.

ಹಿಲ್ಮಿ ಅದನ್ನು ಬೆರಳಲ್ಲಿ ಉಜ್ಜಿ ನೋಡಿದ. “ಇದೇನಪ್ಪಾ ಇದು, ಮೀನಿನ ಹೊಟ್ಟೆ ಮುಟ್ಟಿದಂಗಿದೆ. ಇದ್ರಲ್ಲಿ ಕೊಳವೆ ನಿಲ್ಲಲ್ಲ.”

“ಗಟ್ಟಿಯಾಗಿ ಹಿಡ್ಕೊಳ್ಳಿ ತಾತ. ಮದುಮಗಳ ಬಟ್ಟೆಗೆ ಸರಿಹೊಂದ್ಬೇಕು, ಫೋಟೋ ಇದೆ.”

“ಗಟ್ಟಿಯಾಗಿ ಹಿಡಿಯೋಕೆ ಇದೇನು ಬಸ್ಸಿನ ಕಂಬಿನೇನಯ್ಯಾ? ಎರಡು ಬೆರಳಲ್ಲಿ ಆಡ್ಬೇಕು ಇದು.”

ಹಾಜಿಮ್ ನಮ್ಮ ರಯ್ಯಿಸ್ ಕಡೆ ತಿರುಗಿದ. “ನಿಮ್ಮವರಿಗೆ ಆಗಲ್ಲ ಅಂದ್ರೆ ಹೇಳಿ, ಹಾಡಿನ ಪೆಟ್ಟಿಗೆ ಹಾಕಿಸ್ತೀನಿ.”

“ಹಾಕ್ಕೊಳ್ಳೋ ಮಾರಾಯ, ಒಂದು ಸಂಜೆ ತಾನೆ” ಎಂದ ಮೆತ್ವಲ್ಲಿ. ಹಿಲ್ಮಿ ಹಾಕಿಕೊಂಡ.

ಮದುಮಕ್ಕಳು ಮೆಟ್ಟಿಲು ಇಳಿದು ಬರುವಾಗ ನಾವು ಮುಂದೆ ನಡೆಯುತ್ತಿದ್ದೆವು. ತಗ್ಗು ಸ್ವರಕ್ಕಾಗಿ ಹಿಲ್ಮಿ ಕೈಯನ್ನು ಪೂರ್ತಿ ಚಾಚಿದ. ಕೊಳವೆ ಚಾಚಿದ ಕಡೆಗೇ ಹೊರಟುಹೋಯಿತು. ನೆಲಕ್ಕೆ ಬಿದ್ದು, ಗಿರಗಿರನೆ ತಿರುಗಿ, ಕುರ್ಚಿಗಳ ಸಂದಿಯಲ್ಲಿ ನುಸುಳಿ ಮದುಮಗಳ ಅಪ್ಪನ ಬೂಟಿಗೆ ಬಡಿದು ನಿಂತಿತು. ಆಮೇಲೆ ಆ ಸಭಾಂಗಣವೇ ನಕ್ಕಿತು. ಆ ಅಪ್ಪ ಬಗ್ಗಿ ಎತ್ತಿಕೊಟ್ಟಿದ್ದರೆ ಅವನ ಗಂಟೇನೂ ಹೋಗುತ್ತಿರಲಿಲ್ಲ. ಎತ್ತಿಕೊಡಲಿಲ್ಲ. ಬೂಟಿನ ತುದಿಯಿಂದ ಅದನ್ನು ಮೇಜಿನ ಕೆಳಗೆ ತಳ್ಳಿದ, ಜನ ಇನ್ನಷ್ಟು ನಗಲಿ ಅಂತ. ಹಿಲ್ಮಿ ಮಂಡಿಯೂರಿದ. ಅಷ್ಟು ವರ್ಷದ ಸ್ನೇಹದಲ್ಲಿ ನಮಾಜಿಗೆ ಬಿಟ್ಟರೆ ಬೇರೆ ಯಾವುದಕ್ಕೂ ಅವನು ಮಂಡಿಯೂರಿದ್ದನ್ನು ನಾನು ಕಂಡಿರಲಿಲ್ಲ.

ಕೊಳವೆ ನೆಗ್ಗಿತ್ತು. ನಮ್ಮ ಬೀದಿಯ ರಿಪೇರಿಯವನು ತಟ್ಟಿ ಸರಿಮಾಡಿಕೊಟ್ಟ. ಆದರೂ ನಡುವೆ ಒಂದು ಕಡೆ ಚೂರು ತಡೆಯುತ್ತಿತ್ತು. ಹಿಲ್ಮಿ ಆ ಜಾಗವನ್ನು ಬೆರಳಿನಿಂದ ಸವರಿ ಸವರಿ ನೋಡುತ್ತಿದ್ದ, ಮಗುವಿನ ಮೈಮೇಲಿನ ಬಾಸುಂಡೆ ಸವರಿದ ಹಾಗೆ.

ವಾರ ಕಳೆಯುವುದರೊಳಗೆ ಮೆತ್ವಲ್ಲಿಯ ಫೋನಿಗೆ ಬಿಡುವಿಲ್ಲದಂತಾಯಿತು. “ಕೊಳವೆ ಹಾರಿಸೋ ಬ್ಯಾಂಡ್ ನಿಮ್ದೇನಾ? ಅದೇ ಬೇಕು. ಅದೇ ಮುದುಕ ಬರ್ಬೇಕು.” ನಮ್ಮ ವಾದನ ಬೇಕೆಂದು ಒಬ್ಬನೂ ಕೇಳಲಿಲ್ಲ. ಏನು ಊದುತ್ತೀರಿ ಎಂದೂ ಕೇಳಲಿಲ್ಲ.

ನಾವು ಕೂರುವ ಚಹಾದಂಗಡಿಯಲ್ಲಿ ಮೆತ್ವಲ್ಲಿ ವಿಷಯ ತೆಗೆದ. ಹುರುಳಿಲ್ಲದ ಮಾತು ಆಡುವಾಗ ಅವನು ಚಹಾದ ಲೋಟವನ್ನು ಸುಮ್ಮನೆ ತಿರುಗಿಸುತ್ತಿರುತ್ತಾನೆ. ಅವತ್ತೂ ತಿರುಗಿಸುತ್ತಿದ್ದ.

“ಹಿಲ್ಮಿ, ನಿನ್ನ ಹತ್ರ ಒಂದು ಮಾತು. ಜನ ಆಸೆ ಪಡ್ತಿದ್ದಾರೆ. ಕೊನೇಲಿ ಒಂದೇ ಒಂದು ಸಲ ಕೈ ಬಿಟ್ರೆ…”

“ಏನ್ ಬಿಟ್ರೆ?”

“ಕೊಳವೆ. ಮೆತ್ತಗೆ. ನಾನು ಮುಂದೆ ಒಂದು ಗಾದಿ ಹಾಕಿಸ್ತೀನಿ, ನೆಗ್ಗಲ್ಲ.”

ಹಿಲ್ಮಿ ತನ್ನ ಲೋಟ ಕೆಳಗಿಟ್ಟ. “ರಯ್ಯಿಸ್, ನಾನು ಊದೋನು. ಬಿಸಾಕೋನಲ್ಲ. ಬಿಸಾಕೋರು ಬೇಕಿದ್ರೆ ಸರ್ಕಸ್ಸಿಗೆ ಹೋಗಿ ಕರ್ಕೊಂಡು ಬಾ.”

“ಮನೆ ನಡೀಬೇಕಲ್ಲೋ!”

“ನಂದೂ ನಡೀಬೇಕು. ಅದಕ್ಕೆ ಊದ್ತೀನಿ ಅಂದೆನಲ್ಲ.”

ನಾನು ಬಾಯಿ ಹಾಕಿದೆ. “ಅಷ್ಟು ಆಸೆ ಇದ್ರೆ ನಿನ್ನ ತುತ್ತೂರೀನೇ ಹಾರಿಸು ರಯ್ಯಿಸ್. ನೀನೇ ಹೋಗಿ ಹೆಕ್ಕಿಕೊಂಡು ಬಾ.”

ತಮಾಷೆಗೆ ಅಂದದ್ದನ್ನು ಅವನು ನಿಜಕ್ಕೇ ಹಿಡಿದ. ಮುಂದಿನ ಮದುವೆಯಿಂದ ತುತ್ತೂರಿಯ ಒತ್ತುಗುಂಡಿಗಳ ತಳದ ಬಿರಡೆಯನ್ನು ಸಡಿಲ ಬಿಟ್ಟುಕೊಂಡು, ಪದದ ನಡುವೆ ತಾನೇ ಉದುರಿಸತೊಡಗಿದ. ದೊಡ್ಡ ಬಾಯಿಯ ಟ್ಯೂಬಾ ಊದುವ ನಮ್ಮವನಿಗೂ ಹೇಳಿಕೊಟ್ಟ. ಅವನು ಬಾಯಿಗಿಡುವ ತುಂಡನ್ನು ಬೀಳಿಸಿ ಅಯ್ಯೋ ಎಂದು ತಲೆಯ ಮೇಲೆ ಕೈ ಹೊತ್ತುಕೊಳ್ಳುವನು. ಜನ ನಕ್ಕರು. ಆದರೆ ಅವರಿಗೆ ಬೇಕಾದದ್ದು ಅದಲ್ಲ. ಎಲ್ಲರ ಕಣ್ಣೂ ಹಿಲ್ಮಿಯ ಕೈಮೇಲೆ. ಅವನು ಕೈ ಚಾಚಿದಾಗೆಲ್ಲ “ಹೋ” ಎನ್ನುವರು, ಕೊಳವೆ ಹಿಂದಕ್ಕೆ ಬಂದಾಗ “ಛೇ” ಎನ್ನುವರು. ಅವನು ಚೆನ್ನಾಗಿ ಊದಿದ್ದಕ್ಕೆ ಛೇ! ಇಂಥ ಜನ ಎಲ್ಲಾದರೂ ಇದ್ದಾರೆಯೇ?

ಗೀಝಾದ ಒಂದು ಮದುವೆಯಲ್ಲಿ ಮದುಮಗನ ಗೆಳೆಯನೊಬ್ಬ ಕಾದು ಕಾದು ಬೇಸತ್ತು ನೇರವಾಗಿ ನಡೆದು ಬಂದ. ಹಿಲ್ಮಿ ಕಣ್ಣು ಮುಚ್ಚಿ ಊದುತ್ತಿದ್ದ. ಆ ಪುಣ್ಯಾತ್ಮ ಕೊಳವೆ ಹಿಡಿದು ಎಳೆದ. ಎಳೆದ ರಭಸಕ್ಕೆ ವಾದ್ಯ ಒಮ್ಮೆ ಮುಂದೆ ಹೋಗಿ ತಿರುಗಿ ಹಿಲ್ಮಿಯ ಬಾಯಿಗೇ ಬಡಿಯಿತು. ತುಟಿ ಒಡೆದು ರಕ್ತ ಗಲ್ಲಕ್ಕಿಳಿಯಿತು. ಆ ಹುಡುಗ ಕೊಳವೆಯನ್ನು ತಲೆಯ ಮೇಲೆ ಎತ್ತಿ ಹಿಡಿದು ಕುಣಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಡೋಲು ಬಿಚ್ಚಿ ಅವನ ಮೇಲೆ ಹೋಗುವಷ್ಟರಲ್ಲಿ ಮೆತ್ವಲ್ಲಿ ನನ್ನ ತೋಳು ಹಿಡಿದ. “ಬೇಡ ಬಯೂಮಿ, ಗಿರಾಕಿ.” ಗಿರಾಕಿಯಂತೆ!

ಹಿಲ್ಮಿ ತುಟಿ ಒರೆಸಿಕೊಂಡ. ಕೊಳವೆ ಇಸಿದುಕೊಂಡು, ಪೆಟ್ಟಿಗೆಯಲ್ಲಿಟ್ಟು, ಕೆಂಪು ಕೋಟು ಮಡಚಿ ಕುರ್ಚಿಯ ಮೇಲಿಟ್ಟು ಹೊರಟುಹೋದ. ಮಾರನೆಯ ದಿನ ಬರಲಿಲ್ಲ. ಆಮೇಲೂ ಬರಲಿಲ್ಲ. ನಾನು ಮನೆಗೆ ಹೋದರೆ ತುಟಿಗೆ ಜೇನು ಹಚ್ಚಿಕೊಂಡು ಬಾಲ್ಕನಿಯಲ್ಲಿ ಕೂತಿದ್ದ. “ತುಟಿ ಮಾಗ್ಲಿ” ಎಂದ, ಅಷ್ಟೆ.

ತುಟಿ ಮಾಗಿದ ಹೊತ್ತಿಗೆ ಶುಬ್ರಾ ಬಡಾವಣೆಯ ಕ್ರೈಸ್ತರ ಮನೆಯೊಂದರಿಂದ ಕರೆ ಬಂತು. ಲಬೀಬ್ ಎಂಬ ಹಳೆಯ ಶಾಲಾಮೇಷ್ಟರು ತೀರಿಕೊಂಡಿದ್ದರು. ಮಗಳು ಮಾರ್ಸೆಲ್ ಫೋನು ಮಾಡಿ, “ನಮ್ಮಪ್ಪನ ಅಪ್ಪನ ಶವಯಾತ್ರೆಗೂ ಹಿತ್ತಾಳೆ ಬ್ಯಾಂಡೇ ಬಂದಿತ್ತಂತೆ. ಅಪ್ಪ ಅದನ್ನೇ ಕೇಳಿದ್ರು. ದಯವಿಟ್ಟು ಬನ್ನಿ” ಎಂದಳಂತೆ. ಆಕೆ ಆ ವಿಡಿಯೋ ನೋಡಿರಲಿಲ್ಲ. ಅಪ್ಪನ ಹಾಸಿಗೆ ಪಕ್ಕ ಕೂತವಳಿಗೆ ಎಲ್ಲಿಯ ವಿಡಿಯೋ.

ನಾನು ಹಿಲ್ಮಿಗೆ ಹೇಳಿದೆ. ಅವನು ಎದ್ದು ಪೆಟ್ಟಿಗೆ ತೆಗೆದ. “ಬರ್ತೀನಿ. ಅಲ್ಲಿ ಯಾರೂ ನಗೋದಿಲ್ಲ.”

ಚರ್ಚಿನಲ್ಲಿ ಪ್ರಾರ್ಥನೆ ಮುಗಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಕಪ್ಪು ಕೋಟು, ಡೋಲಿಗೂ ಕಪ್ಪು ಬಟ್ಟೆ. ಮುಂದೆ ನಾವು, ಹಿಂದೆ ಶವದ ಗಾಡಿ, ಅದರ ಹಿಂದೆ ಮಾರ್ಸೆಲ್ ಮತ್ತು ಬಂಧುಗಳು. ನಿಧಾನದ ನಡೆ. ಹಿಲ್ಮಿ ಊದಿದಾಗ ಬಾಲ್ಕನಿಗಳಲ್ಲಿ ಹೆಂಗಸರು ಎದ್ದು ನಿಂತರು. ಕಾಫಿಯಂಗಡಿಯ ಮುದುಕರು ಹುಕ್ಕಾ ಕೆಳಗಿಟ್ಟು ಎದ್ದರು. ಬಹಳ ದಿನದ ಮೇಲೆ ನನ್ನ ಡೋಲಿಗೆ ಬೆಲೆ ಬಂದಂತೆ ಅನ್ನಿಸಿತು.

ಕಬ್ಬಿನ ಹಾಲಿನ ಅಂಗಡಿಯ ತಿರುವಿನಲ್ಲಿ ಒಬ್ಬ ಕೂಗಿದ. “ಏ, ಅವನೇ ಕಣೋ! ಕೊಳವೆ ತಾತ!”

ಲೋಟ ಹಿಡಿದು ನಿಂತಿದ್ದ ಗುಂಪು ಬೀದಿಗಿಳಿಯಿತು. ಫೋನುಗಳು ಮೇಲೆದ್ದವು. “ಹಾರಿಸು ತಾತ! ಒಂದ್ಸಲ ಹಾರಿಸು!” ಶವದ ಗಾಡಿ ಅವರ ಕಣ್ಣಿಗೆ ಬೀಳಲಿಲ್ಲವೇ? ಬಿದ್ದಿತ್ತು. ಒಬ್ಬನಂತೂ ಗಾಡಿಗೆ ಬೆನ್ನು ಹಾಕಿ ನಿಂತು, ತಾನೂ ಹಿಲ್ಮಿಯೂ ಒಟ್ಟಿಗೆ ಬರುವ ಹಾಗೆ ಫೋಟೋ ತೆಗೆದುಕೊಂಡ.

ಹಿಲ್ಮಿ ನಡೆಯುತ್ತಲೇ ಇದ್ದ. ಆದರೆ ಹೆದರಿದ್ದ. ಕೈಯನ್ನು ಪೂರ್ತಿ ಚಾಚಲಿಲ್ಲ. ತಗ್ಗು ಸ್ವರ ಬರುವ ಕಡೆಯೆಲ್ಲ ಖಾಲಿ ಬಿಟ್ಟ. ಬೇರೆ ಯಾರಿಗೂ ಗೊತ್ತಾಗಿರಲಾರದು. ನನಗೆ ಮಾತ್ರ ಒಂದೊಂದು ಖಾಲಿಯೂ ಎದೆಗೆ ಗುದ್ದಿದಂತಾಯಿತು. ಯಾರಿಗೂ ಕೇಳದ ಸ್ವರವನ್ನೂ ನುಂಗದ ಮನುಷ್ಯ ಬೀದಿಪೋಕರಿಗಳಿಗೆ ಹೆದರಿ ನುಂಗುತ್ತಿದ್ದ.

ಅಷ್ಟರಲ್ಲಿ ಠಣ್ಣೆಂದಿತು. ಮೆತ್ವಲ್ಲಿಯ ತುತ್ತೂರಿಯ ಬಿರಡೆ. ಎಷ್ಟೋ ಮದುವೆಗಳಲ್ಲಿ ಬೇಕೆಂದೇ ಸಡಿಲಿಸಿ ಸಡಿಲಿಸಿ ಅದರ ತಿರುಪು ಸವೆದುಹೋಗಿತ್ತು. ಈ ಸಲ ಅವನು ಬೀಳಿಸಲಿಲ್ಲ, ಅದೇ ಬಿತ್ತು. ಡಾಂಬರಿನ ಮೇಲೆ ಉರುಳಿ ಗಾಡಿಯ ಚಕ್ರದ ಹತ್ತಿರ ನಿಂತಿತು. ತುತ್ತೂರಿ ಬುಸ್ಸೆಂದು ಸುಮ್ಮನಾಯಿತು. ಬೀದಿ ಕೇಕೆ ಹಾಕಿತು.

ಮೆತ್ವಲ್ಲಿ ನಿಂತುಬಿಟ್ಟ. ಅವನ ಮುಖ ಕಪ್ಪಿಟ್ಟಿತು. “ನಾಚಿಕೆ ಆಗಲ್ವೇನ್ರೋ ನಿಮಗೆ? ಕಣ್ಣ ಮುಂದೆ ಹೆಣ ಇದೆ! ನಿಮ್ಮಪ್ಪ ಸತ್ತಾಗ್ಲೂ ಹಿಂಗೇ ಕುಣೀತೀರಾ?”

ಗುಂಪಿನಿಂದ ಒಬ್ಬ ತಣ್ಣಗೆ ಅಂದ. “ನಮ್ಗ್ಯಾಕೆ ಬೈತೀಯ ತಾತ? ನಗ್ಸೋಕೆ ಕಾಸು ಇಸ್ಕೊಳ್ಳೋನು ನೀನೇ ತಾನೆ? ನಮ್ಮಣ್ಣನ ಮದುವೇಲಿ ಬೇಕಂತಲೇ ಬೀಳಿಸ್ದೆ. ನಾನೇ ನೋಡಿದೀನಿ.”

ಮೆತ್ವಲ್ಲಿ ತುತ್ತೂರಿಯನ್ನು ಕೋಟಿನ ಮರೆಗೆ ಸರಿಸಿಕೊಂಡ. ಆ ಪೋಕರಿ ಹೇಳಿದ್ದರಲ್ಲಿ ಸುಳ್ಳೇನಿತ್ತು? ಅದೇ ನನ್ನ ರಕ್ತ ಕುದಿಸಿದ್ದು.

ಮಾರ್ಸೆಲ್ ಸಾಲು ಬಿಟ್ಟು ಮುಂದೆ ಬಂದಳು. ಚಕ್ರದ ಹತ್ತಿರ ಬಗ್ಗಿ ಬಿರಡೆ ಎತ್ತಿಕೊಂಡಳು. ನಮ್ಮನ್ನೂ ಗುಂಪನ್ನೂ ಒಂದೇ ಕಣ್ಣಲ್ಲಿ ನೋಡಿದಳು.

“ಯಾರು ನಗ್ಸಿದ್ರು, ಯಾರು ನಕ್ರು, ಅದನ್ನ ನಾಳೆ ನೀವ್ ನೀವೇ ಬಡ್ದಾಡ್ಕೊಳ್ಳಿ” ಎಂದಳು. “ಇವತ್ತು ನಮ್ಮಪ್ಪನ ದಿನ. ಈ ಬೀದಿಯ ಅರ್ಧ ಮಕ್ಕಳಿಗೆ ಅಕ್ಷರ ತಿದ್ದಿಸಿದೋರು ಆ ಪೆಟ್ಟಿಗೇಲಿ ಮಲಗಿದಾರೆ. ಅವರನ್ನ ರಸ್ತೆ ಮಧ್ಯ ನಿಲ್ಸಿ ತಮಾಷೆ ನೋಡ್ತೀರಾ? ಫೋನ್ ಇಳಿಸ್ರೋ!”

ಕಾಫಿಯಂಗಡಿಯ ಮುದುಕನೊಬ್ಬ ಅಷ್ಟು ಹೊತ್ತಿಗೆ ಬಂದು, ಹತ್ತಿರದವನ ಫೋನು ಕಿತ್ತು ಕಬ್ಬಿನ ಹಾಲಿನ ಪಾತ್ರೆಗೆ ಎಸೆದ. ಅಂಗಡಿಯವನು ಪಾತ್ರೆಗೆ ಮುಚ್ಚಳ ಹಾಕಿದ. ಉಳಿದ ಫೋನುಗಳು ಒಂದೊಂದಾಗಿ ಕೆಳಗಿಳಿದವು. ಕೆಲವು ಇಳಿಯಲಿಲ್ಲ, ಅದನ್ನೂ ಹೇಳಬೇಕು.

ಮಾರ್ಸೆಲ್ ಬಿರಡೆಯನ್ನು ಮೆತ್ವಲ್ಲಿಯ ಅಂಗೈಯಲ್ಲಿಟ್ಟಳು. ಅವನು ಹಾಕಲು ನೋಡಿದ, ತಿರುಪು ಹಿಡಿಯಲಿಲ್ಲ. ಆಗ ಹಿಲ್ಮಿ ಅವನ ಮುಂದೆ ಬಂದು ನಿಂತ. “ನೀನು ಬೆರಳಿನಿಂದ ಒತ್ತಿ ಹಿಡ್ಕೊಂಡು ನಡಿ ರಯ್ಯಿಸ್. ನಿನ್ನ ಪಾಲನ್ನೂ ನಾನೇ ಊದ್ತೀನಿ.” ನನ್ನ ಕಡೆ ತಿರುಗಿ, “ಹೊಡಿ ಬಯೂಮಿ, ನಿಧಾನಕ್ಕೆ” ಎಂದ.

ನಾನು ಹೊಡೆದೆ. ಹಿಲ್ಮಿ ತೋಳು ಪೂರ್ತಿ ಚಾಚಿ, ಕೊಳವೆ ತುದಿ ಮುಟ್ಟುವ ತನಕ ಚಾಚಿ, ಆ ತಗ್ಗು ಸ್ವರ ಹಿಡಿದ. ನೆಗ್ಗಿದ ಕಡೆ ಒಮ್ಮೆ ತಡೆಯಿತು, ಅವನು ಜಗ್ಗದೆ ದಾಟಿಸಿದ. ತಿರುವು ಮುಗಿಯುವವರೆಗೂ ಯಾರೂ ಹೋ ಎನ್ನಲಿಲ್ಲ, ಛೇ ಎನ್ನಲಿಲ್ಲ. ಮೇಷ್ಟರನ್ನು ನಾವು ಮರ್ಯಾದೆಯಿಂದಲೇ ತಲುಪಿಸಿದೆವು. ಮಾರ್ಸೆಲ್ ಕೊನೆಗೆ ಹಿಲ್ಮಿಯೊಬ್ಬನ ಕೈ ಹಿಡಿದು “ನಿಮ್ಮ ಕೈ ಚೆನ್ನಾಗಿರ್ಲಿ” ಎಂದಳು. ಮೆತ್ವಲ್ಲಿಗೆ ಏನೂ ಹೇಳಲಿಲ್ಲ.

ಮೆತ್ವಲ್ಲಿ ಹಿಲ್ಮಿಯ ಹತ್ತಿರ ತಪ್ಪಾಯಿತು ಎನ್ನಲಿಲ್ಲ, ಅವನಿಗೆ ಅದು ಬರುವುದೂ ಇಲ್ಲ. ಆ ಕೈಗವಸು ಹಂಚಿದ್ದ ಹಾಜಿಮ್‌ಗೆ ಮಾತ್ರ ನಮ್ಮೆದುರಿಗೇ ಫೋನು ಮಾಡಿದ. “ಬ್ಯಾಂಡ್ ಬೇಕಿದ್ರೆ ಬರ್ತೀವಿ. ಕೋಡಂಗಿ ಬೇಕಿದ್ರೆ ಕನ್ನಡಿ ನೋಡ್ಕೋ” ಎಂದ. ಆ ಕಡೆಯಿಂದ ನಗು ಕೇಳಿಸಿತು.

ಹಾಜಿಮ್‌ಗೆ ನಮ್ಮ ಅಗತ್ಯ ಇರಲೂ ಇಲ್ಲ. ಈಗ ಅವನೇ ಒಂದು ತಂಡ ಕಟ್ಟಿದ್ದಾನೆ. ನಾಟಕದ ಹುಡುಗರು, ನಮ್ಮದೇ ಥರದ ಕೆಂಪು ಕೋಟು, ಅಂಟಿಸಿದ ಬಿಳಿ ಮೀಸೆ. ಮದುವೆಯಿಂದ ಮದುವೆಗೆ ಕೊಳವೆ ಹಾರಿಸುತ್ತಾರೆ, ಅಂಬೆಗಾಲಿಡುತ್ತಾರೆ. ಸಂಗೀತ ಧ್ವನಿವರ್ಧಕದಿಂದ ಬರುತ್ತದೆ. ಮೊನ್ನೆ ಆ ತಂಡದ ಒಬ್ಬ ಹುಡುಗ ಟ್ರೊಂಬೋನ್ ಹಿಡಿದುಕೊಂಡು ನಮ್ಮ ಚಹಾದಂಗಡಿಗೇ ಬಂದು, ಹಿಲ್ಮಿಯನ್ನೇ ಕೇಳಿದ: “ತಾತ, ಇದನ್ನ ಬಾಯಿಗೆ ಎಲ್ಲಿ ಇಟ್ಕೊಳ್ಳೋದು? ಊದೋಕಲ್ಲ, ಫೋಟೋಗೆ.”

ಹಿಲ್ಮಿ ಅವನಿಗೆ ತೋರಿಸಿಕೊಟ್ಟ, ತಾಳ್ಮೆಯಿಂದ, ತುಟಿ ಹೇಗೆ ಬಿಗಿಯಬೇಕು, ಬೆರಳು ಎಲ್ಲಿ ಇಡಬೇಕು ಎಂದು. ನನಗೆ ಅಷ್ಟು ತಾಳ್ಮೆ ಎಲ್ಲಿ? ನಾನು ಎದ್ದು ಹೊರಗೆ ಹೋದೆ.