ಕಿವುಡಮ್ಮನ ಶನಿವಾರಗಳು

"ತಲೆ ಸ್ವಲ್ಪ ಎತ್ತಿ ಹಿಡ್ಕೊಳ್ಳಿ," ಎಂದಳು ಮಗಳು.

ವೈರಿಂಗ್ ಕೆಲಸದವನು ಶವಪೆಟ್ಟಿಗೆಯೊಳಗೆ ಕೈ ಹಾಕಿ ಕಿವುಡಮ್ಮನ ತಲೆ ಎತ್ತಿದ. ಮಗಳು ದಿಂಬು ಸರಿಮಾಡಿ, ತಾಯಿಯ ಕೂದಲು ಸರಿಸಿ, ಕಿವಿಯ ಹಿಂದಿನಿಂದ ಉಗುರಿನಷ್ಟು ದೊಡ್ಡದೊಂದು ವಸ್ತುವನ್ನು ಬಿಡಿಸಿಕೊಂಡಳು.

"ಏನಮ್ಮ ಅದು?" ಎಂದ ಅವನು.

"ಕಿವಿ ಮಷೀನು. ಹಾಕ್ಸಿ ಆರು ವರ್ಷ ಆಯ್ತಲ್ಲ. ಯಾಕೆ, ನಿಮಗ್ಯಾರಿಗೂ ಗೊತ್ತಿಲ್ವಾ?"

ಬೇಕರಿಯವಳು ಎದೆ ಹಿಡಿದುಕೊಂಡಳು. "ಅಯ್ಯೋ, ನಮ್ಮತ್ತೆ ವಿಷಯ ಎಲ್ಲಾ ಆಯಮ್ಮನ ಮುಂದೇನೇ ಆಡಿದೀನಲ್ಲೇ."

"ಏನಾಡಿದೆ?" ಎಂದರು ಹಿಂದೆಯೇ ಕೂತಿದ್ದ ಅತ್ತೆ.

"ಒಳ್ಳೇದೇ ಅತ್ತೆ."

ಯಾರೋ ನಕ್ಕರು. ವೈರಿಂಗಿನವನು ನಗಲಿಲ್ಲ. ಅವನ ಅಂಗೈ ಮೇಲೆ ಆ ತಲೆ ಇನ್ನೂ ಇತ್ತು. ಕೆಳಗಿಡುವುದನ್ನೇ ಮರೆತಿದ್ದ.

*

ಕಿವುಡಮ್ಮ ಇಪ್ಪತ್ತೆಂಟು ವರ್ಷ ಚರ್ಚಿನ ನೆಲ ಒರೆಸಿದವಳು. ಶನಿವಾರ ಸಂಜೆ ಪಾಪನಿವೇದನೆ, ಮಾಡಿದ ತಪ್ಪನ್ನು ಒಬ್ಬೊಬ್ಬರಾಗಿ ಫಾದರ್ ಮುಂದೆ ಹೇಳಿಕೊಳ್ಳುವ ಹೊತ್ತು. ಮುದಿ ಫಾದರ್‌ಗೆ ಕಿವಿ ಮಂದ, ಪಿಸುಗುಟ್ಟಿದರೆ "ಜೋರಾಗಿ ಹೇಳಪ್ಪಾ" ಎನ್ನುತ್ತಿದ್ದರು. ಹಾಗಾಗಿ ಒಬ್ಬರು ಒಳಗಿದ್ದರೆ ಉಳಿದವರೆಲ್ಲ ಅಂಗಳದಲ್ಲಿ ಕಾಯಬೇಕು. ಒಳಗಿರಬಹುದಾದವಳು ಅವಳೊಬ್ಬಳೇ. ಕಿವುಡಿ ತಾನೇ.

ವೈರಿಂಗಿನವನು ತಿಂಗಳ ಮೊದಲ ಶನಿವಾರ ತಪ್ಪಿಸುತ್ತಿರಲಿಲ್ಲ. ಹೇಳುತ್ತಿದ್ದುದೂ ಒಂದೇ.

"ಅಣ್ಣನ ಟೈಲರ್ ಅಂಗಡೀಲಿ ಒಂದು ಜಾಯಿಂಟಿಗೆ ಟೇಪ್ ಸುತ್ತದೆ ಬಿಟ್ಟೆ ಫಾದರ್. ನಾಳೆ ಸುತ್ತಿದ್ರಾಯ್ತು ಅಂದ್ಕೊಂಡೆ. ಅಲ್ಲಿಂದ ಬೆಂಕಿ ಹತ್ತಿ ಅತ್ತಿಗೆ ತೀರ್ಹೋದ್ರು. ಬೂದೀಲಿ ಇಸ್ತ್ರಿಪೆಟ್ಟಿಗೆ ಸಿಕ್ತು. ತಾನೇ ಆರಿಸೋದು ಮರೆತೆ ಅಂತ ಅಣ್ಣ ನಂಬ್ಕೊಂಡ. ನಾನು ಸುಮ್ಮನಿದ್ದೆ."

"ದೇವರು ಕ್ಷಮಿಸ್ತಾನೆ. ಆದ್ರೆ ಅಣ್ಣಂಗೆ ಹೇಳು."

"ಹೇಳ್ತೀನಿ ಫಾದರ್."

ನಿವೇದನೆ ಮುಗಿಸಿ ಎದ್ದು ಬಂದರೆ ಕಿವುಡಮ್ಮ ಒರೆಸಿದ ಜಾಗವನ್ನೇ ಮತ್ತೆ ಒರೆಸುತ್ತಿರುತ್ತಿದ್ದಳು.

*

"ಅಮ್ಮ ನಿಮ್ಮ ವಿಷಯ ಹೇಳ್ತಿದ್ಲು," ಎಂದಳು ಮಗಳು ಮೆಲ್ಲಗೆ.

ಅವನು ತಲೆಯನ್ನು ದಿಂಬಿನ ಮೇಲೆ ಇಳಿಸಿದ. "ಏನಂತ?"

"ಪಾಪ, ಬರೀ ಒಂದೇ ಬಾಗಿಲು ತಟ್ತಾನೆ, ತಟ್ಟಬೇಕಾದ ಮನೆ ಬೇರೆ ಅಂತ. ಯಾವ ಮನೆ ಅಂತ ಕೇಳಿದ್ರೆ, ನಂಗೇನು ಕೇಳ್ಸುತ್ತೆ, ನಾನು ಕಿವುಡಿ ಅಂತ ನಗೋಳು."

ಹಾಗಾದರೆ ಹೇಳಿಲ್ಲ. ಅವನಿಗೆ ಉಸಿರು ಬಂತು. ಫಾದರ್ ಹೋದ ವರ್ಷ ತೀರಿಕೊಂಡಿದ್ದರು. ಇನ್ನರ್ಧ ಗಂಟೆಯಲ್ಲಿ ಇವಳೂ ಮಣ್ಣಿಗೆ. ಆಮೇಲೆ ಗೊತ್ತಿರುವವನು ತಾನೊಬ್ಬನೇ. ಹಾಗಂದುಕೊಂಡ ಕೂಡಲೇ ಮೊದಲಿಗಿಂತ ಹೆಚ್ಚು ಭಯವಾಯಿತು. ಪೆಟ್ಟಿಗೆಯ ಅಂಚು ಹಿಡಿದುಕೊಂಡ.

ಸ್ಮಶಾನದಲ್ಲಿ ಗುಂಡಿಯ ಬಳಿ ಎರಡು ಹಗ್ಗ, ನಾಲ್ವರು ಗಂಡಸರು. ಒಂದು ಹಗ್ಗದ ಈ ತುದಿ ಅವನ ಕೈಗೆ ಬಂತು. ಆ ತುದಿಯಲ್ಲಿ ಅಣ್ಣ. ಪೆಟ್ಟಿಗೆಯ ಮೇಲಿನ ಬಿಳಿ ಹೊದಿಕೆ ಅಣ್ಣ ಹೊಲಿದದ್ದು, ತುಂಬ ಮಡಿಕೆ ಮಡಿಕೆಯಾಗಿತ್ತು. ಬೆಂಕಿಯಾದ ಮೇಲೆ ಅಣ್ಣ ಇಸ್ತ್ರಿ ಮುಟ್ಟಿಲ್ಲ.

"ಹಾಸಿಗೆ ಕೆಳಗಿಟ್ಟು ಮಲಗಿದ್ದೆ ಕಣೋ," ಎಂದ ಅಣ್ಣ, ನಾಚಿಕೊಂಡವನಂತೆ. "ಆದ್ರೂ ಮಡಿಕೆ ಹೋಗ್ಲಿಲ್ಲ. ಆಯಮ್ಮ ಬೈಕೋತಾಳೆ."

ಹಗ್ಗ ಸಡಿಲವಾಯಿತು. ಪೆಟ್ಟಿಗೆ ಇಳಿಯತೊಡಗಿತು.

"ಅಣ್ಣಾ, ಇಸ್ತ್ರಿ ಅಲ್ಲ."

"ಏನು?"

"ಅವತ್ತು ಬೆಂಕಿ ಇಸ್ತ್ರಿಯಿಂದ ಹತ್ತಿದ್ದಲ್ಲ. ನನ್ನ ಜಾಯಿಂಟಿಂದ. ಟೇಪ್ ಸುತ್ತಿರ್ಲಿಲ್ಲ. ನಂಗೆ ಗೊತ್ತಿತ್ತಣ್ಣ. ಅವತ್ತಿಂದಾನೂ ಗೊತ್ತಿತ್ತು."

ಅಣ್ಣ ಹಗ್ಗವನ್ನು ಮುಷ್ಟಿಗೆ ಒಂದು ಸುತ್ತು ಸುತ್ತಿಕೊಂಡ, ಇನ್ನೊಂದು ಸುತ್ತು ಸುತ್ತಿಕೊಂಡ.

"ಒಂದೇ ಸಮ ಬಿಡ್ರೀ," ಎಂದ ಗುಂಡಿ ತೋಡಿದವನು.

ಉಳಿದಿಬ್ಬರ ಹಗ್ಗ ಇಳಿಯಿತು, ಇವರದು ಇಳಿಯಲಿಲ್ಲ. ಪೆಟ್ಟಿಗೆ ಒಂದು ಕಡೆಗೆ ವಾಲಿ ಗುಂಡಿಯ ನಡುವೆ ನಿಂತಿತು. ಅಣ್ಣ ಬಿಡದೆ ಹಿಡಿದ ಹಗ್ಗದ ಎಳೆತ ಮುದುಕಿಯ ಬೆನ್ನಡಿಯಿಂದ ಹಾದು ತಮ್ಮನ ಅಂಗೈಗೆ ಬರುತ್ತಿತ್ತು.